ಸೊನ್ನೆ ರೂಪಾಯಿ ಟಿಕೆಟ್

ಹದಿನೇಳು ವರ್ಷದಿಂದ ಜನಕ್ಕೆ ಹೇಳುತ್ತ ಬಂದಿದ್ದೇನೆ:
ಮುಂದೆ ಹೋಗಿ ಸ್ವಾಮಿ, ಒಳಗೆ ಜಾಗ ಇದೆ, ಮುಂದೆ ಹೋಗಿ.
ನನಗೆ ಹಾಗೆ ಹೇಳುವವರು ಯಾರೂ ಇಲ್ಲ.

ತಿಂಗಳಿಗೊಮ್ಮೆ ಅಲ್ಲೊಂದು ತಾರೀಖು ಹಾಕುತ್ತಾರೆ.
ಅದು ನಮ್ಮ ತಾರೀಖನ್ನು ದಾಟಿದರೆ ನಮ್ಮ ಸರದಿ.
ಆಷಾಢದಲ್ಲಿ ಎಂಟು ದಿನ ಸರಿಯಿತು,
ಶ್ರಾವಣದಲ್ಲಿ ನಿಂತಲ್ಲೇ ನಿಂತಿತು,
ದಸರಾ ಹೊತ್ತಿಗೆ ರಿವರ್ಸ್. ಹನ್ನೊಂದು ತಿಂಗಳು.
ಸಿಲ್ಕ್ ಬೋರ್ಡಿನಲ್ಲೂ ಬಸ್ಸು ಇಷ್ಟು ಹಿಂದೆ ಹೋದದ್ದು ನಾನು ಕಂಡಿಲ್ಲ.

ಶಶಿರೇಖಾ ಒಹಾಯೋದ ಒಂದು ಆಸ್ಪತ್ರೆಯಲ್ಲಿ
ಮಂದಿಯ ರಕ್ತ ತೊಳೆಯುವ ಯಂತ್ರ ನೋಡಿಕೊಳ್ಳುತ್ತಾಳೆ.
ಅವಳ ಕಾರ್ಡು ಹಸಿರು, ನನ್ನ ಅಂಗಿ ಖಾಕಿ.

ಪಾಸ್‌ಪೋರ್ಟಿನಲ್ಲಿ ನಾನು ತಿಪ್ಪೇಸ್ವಾಮಿ.
ಮದುವೆ ನೋಂದಣಿಯಲ್ಲಿ ಇಂಗ್ಲಿಷಿನ ಒಂದು ಹೆಚ್ ಕಳೆದುಕೊಂಡವನು.
ಅವರ ಫಾರಮ್ಮಿಗೆ ಮನೆತನದ ಹೆಸರು ಬೇಕೇ ಬೇಕಂತೆ,
ಇಡೀ ತಿಪ್ಪೇಸ್ವಾಮಿ ಮನೆತನವಾಗಿ
ಸ್ವಂತ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬಿತ್ತು.
ಮೇಯೋ ಹಾಲಿನ ಎದುರು ಛತ್ರಿ ಕೆಳಗೆ ಕೂತ ನೋಟರಿ
ನೂರು ರೂಪಾಯಿ ಛಾಪಾ ಕಾಗದದಲ್ಲಿ ಬರೆದುಕೊಟ್ಟ,
ಈ ಮೂವರೂ ಒಬ್ಬನೇ.
ಗಂಡ ಹೆಂಡ್ತಿ ಒಂದೇ ಅಂತ ಬರಿಯೋಕೆ ಎಷ್ಟು, ಅಂದೆ.
ನಗಲಿಲ್ಲ. ನನ್ನ ಹಿಂದೆ ಕ್ಯೂ ಇತ್ತು.

ಫೋಟೋ ಸಾಲದು, ಅಂದರು ವಕೀಲೆ ಮೃಣಾಲಿನಿ ಮೇಡಂ.
ಇದ್ದದ್ದೇ ಐದು. ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು,
ನಾಲ್ಕು ಜನ, ಎರಡು ಹಾರ,
ಐದರಲ್ಲೂ ಒಬ್ಬ ಕಣ್ಣು ಮುಚ್ಚಿದ್ದಾನೆ. ಅದು ನಾನೇ.

ಅವಳಿಗೆ ಸಿಕ್ಕ ರಜೆ ಹತ್ತೊಂಬತ್ತು ದಿನ.
ಅದರಲ್ಲೊಂದು ಮಂಗಳವಾರ ನಾವು ಆರು ತಿಂಗಳು ಬದುಕಿದೆವು.
ಡಿಪೋದ ಬಷೀರ್ ಕ್ಯಾಮೆರಾ ಹಿಡಿದ,
ಬಟ್ಟೆಚೀಲದಲ್ಲಿ ನಾಲ್ಕು ಜೊತೆ.
ಲಾಲ್‌ಬಾಗಿನ ಬಂಡೆ ಮೇಲೆ ಗಣೇಶನ ಹಬ್ಬ,
ಗಾಂಧಿಬಜಾರಿನ ಹೂವಿನಂಗಡಿ ಮುಂದೆ ದೀಪಾವಳಿ,
ದೋಸೆ ತಟ್ಟೆಯ ಎದುರು ಅವಳ ಹುಟ್ಟುಹಬ್ಬ.
ಸ್ವೆಟರ್ ತೊಟ್ಟು ಡಿಸೆಂಬರ್ ಮಾಡುವಾಗ
ಏಪ್ರಿಲ್ ಬಿಸಿಲಿಗೆ ಇಬ್ಬರೂ ಬೆವೆತು, ಬೆವೆತು, ನಕ್ಕುಬಿಟ್ಟೆವು.
ಆ ನಗು ಯಾವ ತಿಂಗಳದ್ದೆಂದು ಫೋಟೋ ಹಿಂದೆ ಬರೆಯಲು
ಪೆನ್ನು ತಡವರಿಸಿತು.

ಮೇಡಂ ಎಲ್ಲವನ್ನೂ ಮೇಜಿನ ಮೇಲೆ ಹರಡಿದರು.
ಗಣೇಶನಿಂದ ಡಿಸೆಂಬರ್‌ವರೆಗೆ
ಬಸ್ಸಿನ ಬಾಗಿಲು ಕಚ್ಚಿದ ನನ್ನ ಹೆಬ್ಬೆರಳಿಗೆ
ಅದೇ ಬ್ಯಾಂಡೇಜು, ಅದೇ ಅರಿಶಿನದ ಕಲೆ.
ಆರು ತಿಂಗಳಾದರೂ ವಾಸಿ ಆಗಲಿಲ್ವೇನ್ರೀ?
ಒಂದೊಂದಾಗಿ ಕಸದ ಬುಟ್ಟಿಗೆ ಹಾಕಿದರು.
ಉಳಿದದ್ದು ಕೊನೆಯದು, ಬಸ್ಸಿನೊಳಗಿನದು.
ಇದರಲ್ಲಿ ನೀವು ಕಂಡಕ್ಟರು, ಇವರು ಪ್ಯಾಸೆಂಜರು.
ಗಂಡ ಎಲ್ಲಿ?

ಆ ಸಂಜೆ ನನಗೆ ಎರಡನೇ ಪಾಳಿ.
ಬನಶಂಕರಿಯಲ್ಲಿ ಹತ್ತಿದಳು, ತಿಂಡಿಯ ಪೊಟ್ಟಣ ಹಿಡಿದು.
ಆಧಾರ್ ತೋರಿಸಿ ಅಂದೆ, ನಿಯಮ ನಿಯಮವೇ.
ಪರ್ಸು ತಡಕಿ ತೋರಿಸಿದಳು. ಹಳೆಯ ಮುಖ,
ಹಿರಿಯೂರಿನ ವಿಳಾಸ.
ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟೆ.
ಇಷ್ಟು ಪ್ರೂಫ್ ಸಾಕಾ, ಅಂದಳು.
ಸಾಕು, ಕೂತ್ಕೊಳ್ಳಿ ಅಂದೆ.
ಬಷೀರ್ ಒತ್ತಿದ್ದು ಆಗ.

ಇಳಿಯುವಾಗ ಆ ಚೀಟಿಯನ್ನು ನನ್ನ ಜೇಬಿಗೇ ತುರುಕಿದ್ದಳು.
ಮದುವೆ ಸರ್ಟಿಫಿಕೇಟು, ಪೊಲೀಸ್ ಸರ್ಟಿಫಿಕೇಟು,
ಅವಳ ಮೂರು ವರ್ಷದ ತೆರಿಗೆ, ಇವುಗಳ ನಡುವೆ ಇಟ್ಟಿದ್ದೆ.
ಮಳೆಗಾಲಕ್ಕೆ ಮೆಷಿನ್ನಿನ ಶಾಯಿ ಹಾರಿಹೋಗಿ
ಈಗ ಬರೀ ಬಿಳಿ ಚೂರು. ಸೊನ್ನೆ ಕೂಡ ಇಲ್ಲ.
ಬಿಸಾಡಿಲ್ಲ.

ನನ್ನ ಕೊನೇ ಟ್ರಿಪ್ಪು ಮುಗಿಯುವಾಗ ಅವಳಿಗೆ ಮಧ್ಯಾಹ್ನ.
ಫೋನಿನಲ್ಲಿ ಊಟದ ಡಬ್ಬಿ ತೆರೆಯುವ ಸದ್ದು.
ತಾರೀಖು ಏನಾದ್ರೂ ಸರೀತಾ?
ಡಿಪೋ ಗೋಡೆಯ ಕಡೆಗೆ ಡ್ರೈವರು ಬಸ್ಸು ಹಿಂದಕ್ಕೆ ತೆಗೆಯುತ್ತಿದ್ದಾನೆ.
ಒಂದು ಕೈ ಕಿವಿಯಲ್ಲಿ,
ಇನ್ನೊಂದರಿಂದ ತಗಡು ಬಡಿಯುತ್ತ ಕೂಗುತ್ತೇನೆ,
ಬರ್ಲಿ, ಬರ್ಲಿ, ಇನ್ನೂ ಬರ್ಲಿ.
ಯಾರಿಗೆ ಹೇಳಿದ್ದು, ಅನ್ನುತ್ತಾಳೆ.